ಕೇರಿ ಕೆರೆಯಾದದ್ದು

ನಮ್ಮ ಕೇರಿ ಕೆರೆಯಾಗಿದ್ದು ಒಂದು ಮಂಗಳವಾರ, ಊಟದ ಹೊತ್ತಿಗೆ ಸ್ವಲ್ಪ ಮೊದಲು. ಮಳೆ ಬಂದಿರಲಿಲ್ಲ. ಯಾವ ಒಡ್ಡೂ ಒಡೆದಿರಲಿಲ್ಲ. ನಾನೇ ಮುಂದೆ ಕೂತಿದ್ದೆ, ಕಣ್ಣಾರೆ ನೋಡಿದೆ. ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಮನೆ, ಪಕ್ಕದ ಗಾಜಿನಜ್ಜಿಯ ಮನೆ, ಅದರಾಚೆಗಿನ ಮನೆಗಳು ಎಲ್ಲ ಒಂದೇ ಏಟಿಗೆ ನೀಲಿಯಾಗಿ ಮುಳುಗಿಹೋದವು.

ಕೇರಿಯಲ್ಲಿ ನನ್ನನ್ನು ನಕ್ಷೆ ಅಂತ ಕರೆಯುತ್ತಾರೆ. ನಾನು ಓದಿದ್ದು ನಕ್ಷೆ ಬಿಡಿಸುವ ಕೋರ್ಸು. ಸಿಕ್ಕಿದ್ದು ನಗರಸಭೆಯ ನಕ್ಷೆ ವಿಭಾಗದಲ್ಲಿ ಗುತ್ತಿಗೆ ಕೆಲಸ. ಕಚೇರಿಯಲ್ಲಿ ನನಗೆ ಬೇರೆ ಹೆಸರಿತ್ತು: ಗುಡ್ಡ. ಊರಿನ ಕಸವೆಲ್ಲ ಬಂದು ಬೀಳುವ ಗುಡ್ಡದ ಬುಡದಲ್ಲಿ ನಮ್ಮ ಕೇರಿ ಇದೆ, ಅದಕ್ಕೆ. "ಗುಡ್ಡ ಬಂತಾ?" "ಗುಡ್ಡಕ್ಕೆ ಹೇಳು, ಪ್ರಿಂಟ್ ತೆಗೀಲಿ." ನನ್ನ ಮೇಜು ಶೌಚಾಲಯದ ಬಾಗಿಲಿಗೆ ಒತ್ತಿಕೊಂಡಿತ್ತು. ಯಾರು ಒಳಗೆ ಹೋದರೂ ಬಾಗಿಲು ನನ್ನ ಕುರ್ಚಿಗೆ ಬಡಿಯುತ್ತಿತ್ತು. ನಾನು ಬೆಳಿಗ್ಗೆ ಮೈ ಕೆಂಪಾಗುವ ಹಾಗೆ ಉಜ್ಜಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದೆ. ಆದರೂ ಪಕ್ಕದ ಮೇಜಿನವನು ನಾನು ಕೂತ ತಕ್ಷಣ ಡ್ರಾಯರಿನಿಂದ ಒಂದು ಡಬ್ಬಿ ತೆಗೆದು ಗಾಳಿಗೆ ಪುಸ್ ಪುಸ್ ಅಂತ ಸುವಾಸನೆ ಹೊಡೆಯುತ್ತಿದ್ದ. ನಾನವನಿಗೆ ಅತ್ತರು ಅಂತ ಹೆಸರಿಟ್ಟಿದ್ದೆ. ಅವನ ಬಾಯಿ ಮಾತ್ರ ಗುಟ್ಕಾ ನಾರುತ್ತಿತ್ತು. ಅದಕ್ಕೆ ಯಾವ ಡಬ್ಬಿಯೂ ಇರಲಿಲ್ಲ.

ಕೆಲಸ ಏನೆಂದರೆ, ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಭೂಮಿಯ ಚಿತ್ರ ತೆಗೆಯುತ್ತಲೇ ಇರುತ್ತವೆ. ಆ ಭಂಡಾರದಲ್ಲಿ ನಮ್ಮ ಊರಿನ ಮೇಲೆ ಒಂದು ಚೌಕ ಎಳೆದು, ತಾರೀಖು ಕೊಟ್ಟು ಹುಡುಕಬೇಕು. ರಾಶಿ ಚಿತ್ರ ಬರುತ್ತವೆ. ಒಂದರಲ್ಲಿ ಮೋಡ, ಇನ್ನೊಂದರಲ್ಲಿ ಮೋಡದ ನೆರಳು, ಮತ್ತೊಂದರಲ್ಲಿ ಅರ್ಧ ಊರೇ ಇಲ್ಲ. ಮದುವೆಗೆ ಗಂಡು ನೋಡಿದ ಹಾಗೆ. ಎಲ್ಲ ಸರಿ ಇರುವುದು ಸಿಗುವುದಿಲ್ಲ, ಇದ್ದುದರಲ್ಲಿ ವಾಸಿ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಅದನ್ನು ಸಾಫ್ಟ್‌ವೇರಿನಲ್ಲಿ ತೆರೆದು, ರಸ್ತೆಗಳನ್ನು ಮೊದಲೇ ಬಿಡಿಸಿಟ್ಟ ಇನ್ನೊಂದು ಪದರಕ್ಕೆ ಹೊಂದಿಸಿ ಕೂರಿಸಬೇಕು. ಆಮೇಲೆ ಯಂತ್ರಕ್ಕೆ ಪಾಠ ಹೇಳಬೇಕು. ಇದು ಮರ, ಇದು ಛಾವಣಿ, ಇದು ನೀರು ಅಂತ ಒಂದೊಂದಕ್ಕೂ ಸುತ್ತು ಹಾಕಿ ತೋರಿಸಬೇಕು. ಪಾಠ ಕಲಿತ ಯಂತ್ರ ಊರಿನ ಉಳಿದ ಭಾಗಕ್ಕೆಲ್ಲ ತಾನೇ ಬಣ್ಣ ಬಳಿಯುತ್ತದೆ.

ಆ ವರ್ಷ ಮೇಲಿನಿಂದ ಒಂದು ಹುಕುಂ ಬಂದಿತ್ತು. ಪ್ರತಿ ಊರೂ ತನ್ನ ಒಂದು ಕೆರೆಯನ್ನು ಹುಡುಕಿ ತೋರಿಸಬೇಕು, ಉಳಿಸಬೇಕು. ನಮ್ಮ ಊರಿನಲ್ಲಿ ಕೆರೆ ಇರಲಿಲ್ಲ. ಇದ್ದ ಕುಂಟೆಗಳ ಮೇಲೆಲ್ಲ ಮಳಿಗೆಗಳು ಎದ್ದಿದ್ದವು. ಯಂತ್ರಕ್ಕೆ ನೀರು ಹೇಗಿರುತ್ತದೆ ಅಂತ ತೋರಿಸಲು ಒಂದು ಬೊಗಸೆ ನೀರೂ ಸಿಗಲಿಲ್ಲ.

"ಕ್ಲಬ್ಬಿನ ಈಜುಕೊಳ ತೋರ್ಸು," ಅಂದರು ನಮ್ಮ ಸಾಹೇಬರು.

ಈಜುಕೊಳಕ್ಕೆ ಸುತ್ತು ಹಾಕಿದೆ. ಅದರ ತಳಕ್ಕೆ ನೀಲಿ ಬಿಲ್ಲೆ ಹಾಸಿದ್ದರು. ಯಂತ್ರ ಒಳ್ಳೆಯ ವಿದ್ಯಾರ್ಥಿ. ನೀಲಿಯಾಗಿದ್ದದ್ದೆಲ್ಲ ನೀರು ಅಂತ ಕಲಿಯಿತು. ಹೋಗಿ ಊರೆಲ್ಲ ಹುಡುಕಿ ನಮ್ಮ ಕೇರಿಯನ್ನು ಹಿಡಿದುಕೊಂಡು ಬಂತು.

ನಮ್ಮ ಮನೆಗಳ ಮೇಲೆ ನೀಲಿ ಟಾರ್ಪಾಲು ಇದೆ. ಒಂದು ಬಿರುಗಾಳಿಗೆ ತಗಡುಗಳು ಹಾರಿಹೋದಾಗ ನಗರಸಭೆಯವರೇ ಕೊಟ್ಟದ್ದು. ಕೊಡುವಾಗ ಫೋಟೋ ತೆಗೆಸಿಕೊಂಡಿದ್ದರು. ಒಂದೊಂದರ ಮೇಲೂ ಅವರ ಮುದ್ರೆ ಇದೆ.

"ಕೆರೆ!" ಅಂತ ಅತ್ತರು ಕಿರುಚಿದ. "ಸಾರ್, ಕೆರೆ ಸಿಕ್ತು!"

ಸಾಹೇಬರು ಓಡಿಬಂದರು. ಬಾಗಿ ನೋಡಿದರು. ಮುಖ ಅರಳಿತು. ಅಲ್ಲೇ ನಿಂತು ಮೇಲಿನವರಿಗೆ ಫೋನ್ ಮಾಡಿದರು. ಸಿಹಿ ಬಂತು. ನನ್ನ ಕೈಗೂ ಒಂದು ತುಂಡು ಬಂತು, ಕಾಗದದಲ್ಲಿ ಇಟ್ಟು, ತಾಗದ ಹಾಗೆ. ನನ್ನ ಮನೆ ಮುಳುಗಿದ್ದಕ್ಕೆ ನನಗೇ ಸಿಹಿ.

"ಸಾರ್, ಅದು ನೀರಲ್ಲ. ಟಾರ್ಪಾಲು. ನಮ್ಮ ಕೇರಿ ಅದು," ಅಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ಇನ್ನೊಂದು ಪದರ ತೆರೆದೆ. ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕಿದೆ, ಉಪಗ್ರಹ ಅದನ್ನೂ ಹಿಡಿದಿಡುತ್ತದೆ. ಆ ಬೆಳಕಿನಲ್ಲಿ ನೀರು ಇದ್ದಿಲಿನ ಹಾಗೆ ಕಪ್ಪಾಗಿ ಕಾಣುತ್ತದೆ. ಈಜುಕೊಳ ಕಪ್ಪಾಯಿತು. ನಮ್ಮ ಕೇರಿ ಬೆಳಗಿದ ಪಾತ್ರೆಯ ಹಾಗೆ ಹೊಳೆಯಿತು.

ಸಾಹೇಬರು ಒಂದು ಗಳಿಗೆ ನೋಡಿದರು.

"ಗೊತ್ತು ಕಣೇ ಗುಡ್ಡ. ನಾನೂ ಇದನ್ನೇ ಓದ್ಕೊಂಡು ಬಂದಿರೋನು."

"ಮತ್ತೆ?"

"ಮತ್ತೆ ಏನು? ಕೆರೆ ಸಿಕ್ತು ಅಂತ ಹೇಳಾಯ್ತು. ಬೆಳಿಗ್ಗೆ ಸಿಕ್ಕಿದ್ದು ಮಧ್ಯಾಹ್ನಕ್ಕೆ ಕಳ್ದೋಯ್ತು ಅಂದ್ರೆ ನನ್ನ ಮರ್ಯಾದೆ ಏನು? ಅಂಚು ನೋಡು, ಮೆಟ್ಟಿಲು ಮೆಟ್ಟಿಲಾಗಿದೆ. ಕೈಯಲ್ಲಿ ನಯವಾಗಿ ಒಂದು ಗೆರೆ ಎಳೆದ್ಬಿಡು. ಕೆರೆ ಅಂದ್ರೆ ದುಂಡಗಿರಬೇಕು."

ನಾನು ಅಜ್ಞಾನಿಯ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆ. ತಿಳಿಸಿ ಹೇಳಿದರೆ ಮುಗಿಯಿತು ಅಂದುಕೊಂಡಿದ್ದೆ. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳುತ್ತಿದ್ದರು.

ಆದರೂ ಮೌಸ್ ಹಿಡಿದೆ. ಅಭ್ಯಾಸಬಲ. ಮೊದಲ ಕ್ಲಿಕ್ ಬೀದಿಯ ನಲ್ಲಿಯ ಹತ್ತಿರ. ಆ ನಲ್ಲಿಯಲ್ಲಿ ನೀರು ಬಂದು ಯಾವ ಕಾಲವಾಯಿತೋ. ಎರಡನೆಯದು ಗಾಜಿನಜ್ಜಿಯ ಗೋಡೆ. ಮೂರನೆಯದಕ್ಕೆ ಕೈ ಹೋಯಿತು. ನಮ್ಮ ಛಾವಣಿಯ ಮೇಲೆ ಒಂದು ಮಾಸಲು ಬಿಳಿ ಚುಕ್ಕೆ ಕಂಡಿತು. ಅವ್ವನ ಕಂಬಳಿ. ಮುಂಜಾನೆ ಬಿಸಿಲಿಗೆ ಒಣಹಾಕಿದ್ದಳು, ಉಪಗ್ರಹ ಹಾದುಹೋದ ಹೊತ್ತಿಗೆ.

ಕೈ ನಿಂತಿತು. ನಾನು ನಿಲ್ಲಿಸಿದೆ ಅಂತ ಹೇಳಿದರೆ ದೊಡ್ಡ ಮಾತಾದೀತು. ಬೆರಳು ಒತ್ತಲಿಲ್ಲ, ಅಷ್ಟೇ.

"ಎಳೆಯಲ್ಲ ಸಾರ್."

"ಏನು?"

"ಎಳೆಯಲ್ಲ."

"ಯಾಕೆ, ಮೈ ಸರಿಯಿಲ್ವಾ?"

"ಮೈ ಸರಿಯಾಗಿದೆ. ಎಳೆಯಲ್ಲ."

ಶೌಚಾಲಯದ ಬಾಗಿಲು ತೆರೆದು ಯಾರೋ ಅರ್ಧ ಹೊರಗೆ ಬಂದವರು ಅಲ್ಲೇ ನಿಂತರು. ಸಾಹೇಬರ ಕಿವಿ ಕೆಂಪಾಯಿತು.

"ನಾಳೆಯಿಂದ ಬರಬೇಡ."

"ಸರಿ."

"ನಾಳೆಯಿಂದ ಏನು, ಈಗಲೇ ಎದ್ದೇಳು!"

ಎದ್ದೆ. ಸಿಹಿಯನ್ನು ಅತ್ತರಿನ ಕೀಲಿಮಣೆಯ ಮೇಲೆ ಇಟ್ಟು ಬಂದೆ. ಹಿಂದಿನಿಂದ ಪುಸ್ ಪುಸ್ ಕೇಳಿಸಿತು, ನನ್ನ ಕುರ್ಚಿಗೆ.

*

ಕೇರಿಯಲ್ಲಿ ಯಾರೂ ನಂಬಲಿಲ್ಲ. ಅವ್ವ ಗುಡ್ಡದಿಂದ ಇಳಿದು ಬಂದು ಕಾಲು ಚಾಚಿ ಕೂತಿದ್ದಳು. ಬೆಳಗಿನಿಂದ ಬಗ್ಗಿ ಕಸ ಕೆದಕಿದ ಸೊಂಟ ನೆಟ್ಟಗಾಗಲು ಹೊತ್ತು ಬೇಕು. ಅಂಗೈಯ ಗೀರುಗಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾ ಕೇಳಿದಳು.

"ಕೆರೆನಾ? ನಮ್ದಾ? ಕುಡಿಯೋಕೆ ಕೊಡ ಹೊತ್ಕೊಂಡು ಮೂರು ಬೀದಿ ಸುತ್ತಬೇಕು ನಾನು. ಇದನ್ನ ಮೊದಲೇ ಹೇಳ್ಬಾರ್ದಿತ್ತಾ, ಮನೆಯೊಳಗೇ ಮೊಗೆದುಕೊಳ್ತಿದ್ದೆ."

"ಮೀನು ಇದೆಯಂತಾ?" ಅಂದಳು ಗಾಜಿನಜ್ಜಿ. ಅವಳು ಕಸದಲ್ಲಿ ಗಾಜು ಆರಿಸುವವಳು. ಬೆರಳ ತುದಿಗಳಲ್ಲಿ ಚರ್ಮಕ್ಕಿಂತ ಕಲೆಯೇ ಹೆಚ್ಚು. ಗುಡ್ಡದ ಬುಡದಲ್ಲಿ ಅವಳಿಗಿಂತ ಹಳಬರಿಲ್ಲ. ಹಲ್ಲೂ ಇಲ್ಲ.

"ಅಜ್ಜಿ, ನಗಬೇಡ. ಕೆರೆ ಒತ್ತುವರಿ ಅಂತ ನಮ್ಮನ್ನ ಎಬ್ಬಿಸ್ತಾರೆ."

"ಎಬ್ಬಿಸೋಕೆ ನಾವು ಮುಳುಗಿರಬೇಕಲ್ವೇನೇ ಮೊದಲು?"

ಅವ್ವ ನಗಲಿಲ್ಲ. "ಒಂದು ಗೆರೆ ಎಳೆಯೋಕೆ ಏನಾಗಿತ್ತು ನಿಂಗೆ?" ಅಂದಳು. ನಮ್ಮ ಮನೆಯವರಲ್ಲಿ ಕುರ್ಚಿಯ ಮೇಲೆ ಕೂತು ದುಡಿಯುತ್ತಿದ್ದವಳು ನಾನೊಬ್ಬಳೇ. "ನೀನು ಎಳೀದಿದ್ರೆ ಇನ್ನೊಬ್ಬ ಎಳೀತಾನೆ."

"ಎಳೀಲಿ."

"ಎಳೀಲಿ ಅಂತೆ." ಅವ್ವ ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಗಿದಳು. "ಎಲ್ಲಿವರೆಗೆ ಎಳೆದಿದ್ದೆ?"

"ಅಜ್ಜಿ ಗೋಡೆವರೆಗೆ. ಆಮೇಲೆ ನಮ್ಮ ಮನೆ. ನಿನ್ನ ಕಂಬಳಿ ಕಾಣ್ತಿತ್ತು."

"ಆಕಾಶದಿಂದಾನಾ? ನನ್ನ ಕಂಬಳಿ?" ಅವ್ವ ಮೇಲೆ ನೋಡಿದಳು. ಮರುದಿನದಿಂದ ತೂತಿಲ್ಲದ ಹೊದಿಕೆಯನ್ನು ಮಾತ್ರ ಹೊರಗೆ ಒಣಹಾಕತೊಡಗಿದಳು.

ಅವ್ವ ಹೇಳಿದ ಹಾಗೇ ಆಯಿತು. ಕಚೇರಿಯ ಕಾವಲುಗಾರ, ನನ್ನ ಮೇಲೆ ಕನಿಕರವಿದ್ದವನು, ಹೊಸ ನಕ್ಷೆಯ ಪ್ರಿಂಟ್ ತಂದು ತೋರಿಸಿದ. ಗೆರೆಯನ್ನು ಅತ್ತರು ಎಳೆದ. ಅವನ ಕೈ ಕೆಲಸ ನನಗೆ ಗೊತ್ತು. ದುಂಡಗೆ ಮಾಡು ಅಂದದ್ದಕ್ಕೆ ದೋಸೆ ಹುಯ್ದ ಹಾಗೆ ಸುತ್ತಿಬಿಟ್ಟಿದ್ದ. ಕೇರಿಯ ಜೊತೆಗೆ ಗುಡ್ಡದ ಗೇಟು, ಲಾರಿ ಬರುವ ರಸ್ತೆ, ಎಲ್ಲ ಕೆರೆಯೊಳಗೆ ಸೇರಿಕೊಂಡವು. ಯಾರೂ ತೆರೆದು ನೋಡಲಿಲ್ಲ. ಸಾಹೇಬರ ರುಜು ಬಿತ್ತು. ಮೇಲಿನವರ ರುಜು ಬಿತ್ತು.

ಮುಂದಿನ ವಾರ ಕೂಲಿಯವರು ಬಂದು ಆ ರಸ್ತೆಯ ತಲೆಯಲ್ಲಿ ಎರಡು ಕಂಬ ನೆಟ್ಟು ಬೋರ್ಡು ತೂಗುಹಾಕಿದರು. ನಾನೇ ಓದಿ ಹೇಳಿದೆ.

"ಇದು ನಗರಸಭೆಗೆ ಸೇರಿದ ಕೆರೆ. ಆಳವಿದೆ, ಅಪಾಯ. ವಾಹನ ಇಳಿಸಬಾರದು. ಬಟ್ಟೆ ಒಗೆಯಬಾರದು. ಕಸ ಹಾಕಬಾರದು. ತಪ್ಪಿದವರಿಗೆ ಶಿಕ್ಷೆ."

ಗಾಜಿನಜ್ಜಿ ಬೋರ್ಡಿನ ಆಚೆ ಹೋಗಿ ಒಮ್ಮೆ ನಿಂತಳು, ಈಚೆ ಬಂದು ಒಮ್ಮೆ ನಿಂತಳು. ಸೀರೆಯ ಅಂಚು ಹಿಡಿದು ನೋಡಿಕೊಂಡಳು. "ಒದ್ದೆಯಾಗಿಲ್ಲ," ಅಂದಳು.

ಅದಾದ ಮೇಲೆ ಮೀನುಗಾರಿಕೆ ಇಲಾಖೆಯ ಗುಮಾಸ್ತ ಒಬ್ಬ ಬಂದ. ಪಾಪದವನು. ಕೈಯಲ್ಲಿ ನೀರು ತುಂಬಿದ ದೊಡ್ಡ ಪ್ಲಾಸ್ಟಿಕ್ ಚೀಲ, ಒಳಗೆ ಮೀನುಮರಿಗಳು. ಹೊಸ ಕೆರೆಗೆ ಬಿಡಬೇಕೆಂದು ಆಜ್ಞೆಯಾಗಿತ್ತು. ಕೇರಿಯಲ್ಲಿ ಈ ತುದಿಯಿಂದ ಆ ತುದಿಗೆ ಓಡಾಡಿದ. ಬೆವರಿದ.

"ಅಜ್ಜಿ, ಕೆರೆ ಎಲ್ಲಿದೆ?"

"ನೀನು ಕೆರೆ ಮಧ್ಯದಲ್ಲೇ ನಿಂತಿದ್ದೀಯಪ್ಪ."

"ತಮಾಷೆ ಮಾಡ್ಬೇಡಿ. ಇವು ಸಾಯ್ತವೆ. ಬಿಟ್ಟ ಫೋಟೋ ಬೇರೆ ಕಳಿಸಬೇಕು ನಾನು."

ಅಜ್ಜಿಗೆ ಕನಿಕರ ಬಂತು. ಬಟ್ಟೆ ನೆನೆಸುವ ಟಬ್ಬನ್ನು ತೊಳೆದು ತಂದಿಟ್ಟಳು. ಅವನು ಮರಿಗಳನ್ನು ಅದರಲ್ಲಿ ಬಿಟ್ಟ. ಟಬ್ಬಿನ ಅಂಚು ಕಾಣದ ಹಾಗೆ ಬಗ್ಗಿ ಫೋಟೋ ತೆಗೆದುಕೊಂಡ. ಕೈಮುಗಿದು ಹೋದ. ಮೀನುಗಳು ಬದುಕಿದವು. ಅಜ್ಜಿ ಅವುಗಳಿಗೆ ಸಾಹೇಬರುಗಳ ಹೆಸರಿಟ್ಟಳು. ಹೊತ್ತುಹೊತ್ತಿಗೆ ಬಾಯಿ ತೆರೆಯುತ್ತವೆ, ಬೇರೆ ಕೆಲಸವಿಲ್ಲ ಅಂತ.

*

ಬುಲ್ಡೋಜರ್ ಬಂದ ದಿನ ಯಾರೂ ನಗುತ್ತಿರಲಿಲ್ಲ.

ಹಿಂದೆ ಜೀಪು, ಜೀಪಿನಲ್ಲಿ ನಮ್ಮ ಸಾಹೇಬರು. ಪೊಲೀಸರು ನಾಲ್ಕು ಜನ. ಗಂಡಸರು ಕೆಲವರು ಸಾಮಾನು ಹೊರಗೆ ಹಾಕತೊಡಗಿದ್ದರು. ಒಲೆ, ಕೊಡ, ಮಂಚ, ಹೊಲಿಗೆ ಯಂತ್ರ. ಅವ್ವ ಮನೆಯಿಂದ ಏನನ್ನೂ ತೆಗೆಯಲಿಲ್ಲ. ಹೊಸಿಲ ಮೇಲೆ ಕೂತು ಕಾಲು ಚಾಚಿದಳು. ನಾನು ಅವಳ ಪಕ್ಕ ನಿಂತೆ. ಗೆರೆ ಎಳೆಯುವುದಿಲ್ಲ ಅಂದದ್ದು ಸುಲಭವಾಗಿತ್ತು. ಆ ಗೆರೆ ಹಲ್ಲು ಕಟ್ಟಿಕೊಂಡು ಬೀದಿಗೆ ಬಂದಾಗ ಅದರ ಮುಂದೆ ನಿಲ್ಲುವುದು ಬೇರೆ.

ಯಂತ್ರ ಬೋರ್ಡಿನ ಹತ್ತಿರ ಬಂದು ನಿಂತಿತು. ಡ್ರೈವರ್ ಎಂಜಿನ್ ಆರಿಸಿದ. ನಡುವಯಸ್ಸಿನವನು, ತಲೆಗೆ ಟವೆಲ್ ಸುತ್ತಿದ್ದ. ಕೆಳಗಿಳಿದ. ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದತೊಡಗಿದ.

"ಏನೋ ಅದು? ನಡಿ ಒಳಗೆ!" ಸಾಹೇಬರು ಜೀಪಿನಿಂದಲೇ ಕೂಗಿದರು.

"ಸಾರ್, ಇಲ್ಲಿ ಕೆರೆ ಅಂತ ಬರೆದಿದೆ."

"ಹೌದು. ಅದಕ್ಕೇ ಬಂದಿರೋದು."

"ಆಳವಿದೆ ಅಂತಾನೂ ಬರೆದಿದೆ."

"ಅದು ಎಲ್ಲಾ ಕೆರೆಗೂ ಬರೆಯೋದು ಕಣೋ."

"ವಾಹನ ಇಳಿಸಬಾರದು ಅಂತಾನೂ ಇದೆ. ತಪ್ಪಿದ್ರೆ ಶಿಕ್ಷೆ ಅಂತೆ." ಅವನು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಸಾರ್, ನನಗೆ ಈಜು ಬರಲ್ಲ."

ಗಾಜಿನಜ್ಜಿ ನಕ್ಕಳು. ಹಲ್ಲಿಲ್ಲದ ಬಾಯಿಯ ನಗು ಅದು, ಸಿಳ್ಳೆಯ ಹಾಗೆ ಬಂತು. ಅದರ ಹಿಂದೆ ಇಡೀ ಕೇರಿ ನಕ್ಕಿತು. ಪೊಲೀಸರಲ್ಲೊಬ್ಬ ಬೆನ್ನು ತಿರುಗಿಸಿ ನಿಂತ. ಅವನ ಭುಜ ಅಲುಗುತ್ತಿತ್ತು.

ಸಾಹೇಬರು ಜೀಪಿನಿಂದ ಇಳಿದುಬಂದರು. "ಕಣ್ಣು ಕಾಣಲ್ವಾ ನಿಂಗೆ? ಎಲ್ಲಿದೆ ನೀರು?"

"ನೀವೇ ಹೇಳ್ತಿದ್ದೀರಲ್ಲ ಸಾರ್, ಬೋರ್ಡು ಹಾಕಿ."

"ನೀರಿಲ್ಲ ಅಂತ ನಾನು ಹೇಳ್ತಿದ್ದೀನಿ ಈಗ!"

"ಹಾಗಾದ್ರೆ ನೀರಿಲ್ಲ ಅಂತ ಒಂದು ಚೀಟಿ ಬರೆದುಕೊಡಿ. ಕೆಳಗೆ ರುಜು ಹಾಕಿ. ಗಾಡಿ ಮುಳುಗಿದ್ರೆ ನಾನು ಮಾಲೀಕನಿಗೆ ತೋರಿಸೋಕೆ ಏನಾದ್ರೂ ಬೇಕಲ್ಲ."

ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಕ್ಯಾಪು ಬಿಚ್ಚಿದರು. ಆಗ ಅವರಿಗೆ ನೆನಪಾಗಿರಬೇಕು, ನೀರಿದೆ ಅಂತ ಇರುವ ನಕ್ಷೆಯ ಕೆಳಗೆ ಇದೇ ಪೆನ್ನಿನ ರುಜು ಇದೆ ಅಂತ. ಕ್ಯಾಪು ಮತ್ತೆ ಹಾಕಿದರು. ಜೀಪಿಗೆ ಹೋಗಿ ಕೂತರು. ಫೋನ್ ಹಚ್ಚಿದರು, ಆ ಕಡೆ ಯಾರೂ ಎತ್ತಲಿಲ್ಲ.

ಡ್ರೈವರ್ ಬಂದು ಅಜ್ಜಿಯ ಕಟ್ಟೆಯ ಮೇಲೆ ಕೂತ. ನೀರು ಕೇಳಿದ. ಅವ್ವ ಚೊಂಬು ಕೊಟ್ಟಳು. ಒಂದೇ ಉಸಿರಿಗೆ ಕುಡಿದ.

"ಯಾಕಪ್ಪ, ಇಷ್ಟು ಧೈರ್ಯ?" ಅಂದಳು ಅವ್ವ.

"ಧೈರ್ಯ ಏನಿಲ್ಲ ಅಕ್ಕ. ನಮ್ಮ ಮನೆ ಕೆಡವಿದ ದಿನ ಆ ಡ್ರೈವರ್ ಒಂದು ಸಲಾನೂ ಕೆಳಗೆ ಇಳೀಲಿಲ್ಲ. ನಮ್ಮಮ್ಮ ಕೂಗ್ತಾನೇ ಇದ್ಲು, ಇಳಿದು ಮಾತಾಡಪ್ಪ ಅಂತ. ಅವನು ಮುಂದೆ ನೋಡ್ಕೊಂಡೇ ಕೆಡವಿದ. ಹೊಟ್ಟೆಪಾಡಿಗೆ ನಾನೂ ಈ ಗಾಡೀನೇ ಹತ್ತಿದೆ. ಆದ್ರೆ ಇಳೀಬೇಕು ಅಂತ ಅವತ್ತೇ ಅಂದ್ಕೊಂಡಿದ್ದೆ."

ಚೊಂಬು ಕೆಳಗಿಟ್ಟ. ಅವ್ವ ಅದನ್ನು ಮತ್ತೆ ತುಂಬಿದಳು. ಸಂಜೆಯ ಹೊತ್ತಿಗೆ ಬುಲ್ಡೋಜರ್ ಬಂದ ದಾರಿಯಲ್ಲೇ ಹಿಂದೆ ಹೋಯಿತು.

ಅವರು ಬೇರೆ ಡ್ರೈವರನನ್ನು ಹುಡುಕಿಕೊಂಡು ಬರುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಗಂಡಸರು ಮಂಚಗಳನ್ನು ಒಳಗೆ ಇಟ್ಟುಕೊಂಡರು. ಆಗ ಅವ್ವ ಬೋರ್ಡಿನ ಮುಂದೆ ಹೋಗಿ ನಿಂತಳು.

"ನಕ್ಷೆ, ಆ ಕಸದ್ದು ಯಾವ ಸಾಲು?"

ತೋರಿಸಿದೆ.

"ಲಾರಿ ಬರೋ ರಸ್ತೇನೂ ಕೆರೆ ಒಳಗೇನಾ?"

"ಒಳಗೇ. ಗುಡ್ಡದ ಗೇಟೂ ಒಳಗೇ."

ಅವ್ವ ಲಾರಿಗಳನ್ನು ತಡೆಯುವ ಯೋಚನೆಯಲ್ಲಿದ್ದಾಳೆ ಅಂತ ನನಗೆ ಹೊಳೆಯಿತು. ಊರಿನ ಕಸವೇ ನಮ್ಮ ಅನ್ನ. ಲಾರಿ ಬರದಿದ್ದರೆ ಆರಿಸುವುದಕ್ಕಿಲ್ಲ. ಆರಿಸದಿದ್ದರೆ ಒಲೆ ಹೊತ್ತುವುದಿಲ್ಲ. ಗಾಜಿನಜ್ಜಿ ಅದನ್ನೇ ಅಂದಳು. "ಹೊಟ್ಟೆಗೇನು ತಣ್ಣೀರು ಬಟ್ಟೆ ಕಟ್ಟೋದಾ?"

"ಕಟ್ಟೋಣ," ಅಂದಳು ಅವ್ವ. "ಅವರು ಮನೆ ಕೆಡವಿದ್ರೆ ಆ ಬಟ್ಟೆ ಕಟ್ಕೊಳ್ಳೋಕೂ ಜಾಗ ಇರಲ್ಲ."

ಬೆಳಿಗ್ಗೆ ಮೊದಲ ಲಾರಿ ಬಂತು. ಹೆಂಗಸರು ಬೋರ್ಡಿನ ಕೆಳಗೆ ಸಾಲಾಗಿ ಕೂತಿದ್ದರು. ಅವ್ವ ಕೈ ಅಡ್ಡ ಹಿಡಿದಳು. "ಕೆರೆಗೆ ಕಸ ಹಾಕಬಾರದು. ಓದೋಕೆ ಬರುತ್ತಾ ನಿಂಗೆ?"

ಲಾರಿಯವನಿಗೆ ಬರುತ್ತಿತ್ತು. ಎರಡನೆಯವನಿಗೂ ಬಂತು. ಬಾರದವನಿಗೆ ನಾನು ಓದಿ ಹೇಳಿದೆ. ಪೊಲೀಸರು ಬಂದರು. ಅವ್ವ ಅವರಿಗೇ ದೂರು ಕೊಟ್ಟಳು. "ನೋಡಿ ಸ್ವಾಮಿ, ನಗರಸಭೆ ಕೆರೆಗೆ ನಗರಸಭೆ ಲಾರಿಗಳೇ ಕಸ ಸುರಿಯೋಕೆ ಬರ್ತಿವೆ. ಹಿಡೀರಿ." ಪೊಲೀಸರು ಬೋರ್ಡು ಓದಿದರು, ತಲೆ ಕೆರೆದುಕೊಂಡರು, ಮೇಲಿನವರನ್ನು ಕೇಳಿ ಬರುತ್ತೇವೆ ಅಂತ ಹೋದರು.

ಕಸ ಊರಿನಲ್ಲೇ ಉಳಿಯಿತು.

ಆ ದಿನಗಳಲ್ಲಿ ನಾವು ಗಂಜಿ ಕುಡಿದೆವು. ಆಮೇಲೆ ಗಂಜಿಯಲ್ಲಿ ನೀರು ಹೆಚ್ಚಾಯಿತು. ಕೆರೆಯವರಲ್ಲವೇ, ಅಂದಳು ಅಜ್ಜಿ. ಅವಳ ಟಬ್ಬಿನ ಮೀನುಗಳ ಮೇಲೆ ಕೆಲವರ ಕಣ್ಣು ಬಿತ್ತು, ಅವಳು ಟಬ್ಬನ್ನು ಮಂಚದ ಕೆಳಗೆ ಎಳೆದುಕೊಂಡಳು. ಹಸಿದ ಮಕ್ಕಳು ಅತ್ತವು. ಒಬ್ಬ ಗಂಡಸು ಅವ್ವನ ಮೇಲೆ ಏರಿಬಂದ. "ನಿನ್ನ ಮಗಳ ದೆಸೆಯಿಂದ ಇಷ್ಟೆಲ್ಲ." ಅವ್ವ ಎದ್ದು ನಿಂತಳು. "ನನ್ನ ಮಗಳು ಗೆರೆ ಎಳೆಯಲಿಲ್ಲ. ಎಳೆದವನ ಹತ್ರ ಹೋಗಿ ಕೂಗಾಡು." ಅವನು ಗೊಣಗುತ್ತಾ ಹೋದ. ಅವನ ಹೆಂಡತಿ ಮಾತ್ರ ಸಾಲಿನಿಂದ ಏಳಲಿಲ್ಲ.

ಊರು ನಾರತೊಡಗಿತು. ಅಂಗಡಿ ಮುಂದೆ, ಶಾಲೆ ಮುಂದೆ, ಸಾಹೇಬರುಗಳ ಮನೆಗಳ ಮುಂದೆ ಚೀಲಗಳು ಗುಡ್ಡಗಟ್ಟಿದವು. ನೊಣ ಬಂದವು, ಇಲಿ ಬಂದವು. ಕಚೇರಿಯ ಕಾವಲುಗಾರ ಮತ್ತೆ ಬಂದಾಗ ಸುದ್ದಿ ಹೇಳಿದ. ಅತ್ತರಿನ ಡಬ್ಬಿ ಖಾಲಿಯಾಗಿದೆ, ಎರಡನೆಯದೂ ಖಾಲಿಯಾಗಿದೆ, ಈಗ ಅವನ ಮೇಜಿನ ಹತ್ತಿರ ಹೋದವರು ಮೂಗು ಮುಚ್ಚಿಕೊಳ್ಳುತ್ತಾರಂತೆ. ಅವನ ಮನೆಯ ಬಾಗಿಲಿಗೇ ರಾಶಿ ಬಿದ್ದಿದೆಯಂತೆ. ನನಗೆ ಸಂತೋಷವಾಯಿತು. ಆಗಲಿಲ್ಲ ಅಂದರೆ ಸುಳ್ಳು.

*

ಸಾಹೇಬರು ಕೇರಿಗೆ ನಡೆದುಕೊಂಡೇ ಬಂದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ನಮ್ಮ ಮನೆಗೆ ಬಂದು ಯಾವುದರ ಮೇಲೆ ಕೂರಬೇಕೋ ತಿಳಿಯದೆ ನಿಂತೇ ಇದ್ದರು. ಅವ್ವ ಡಬ್ಬ ಬೋರಲು ಹಾಕಿ ಕೊಟ್ಟಳು.

"ನೋಡಮ್ಮ," ಅಂದರು ನನಗೆ. ಮೊದಲ ಸಲ ಗುಡ್ಡ ಅನ್ನಲಿಲ್ಲ. "ಯಂತ್ರದ ತಪ್ಪಿನಿಂದ ಹೀಗಾಯ್ತು ಅಂತ ಬರೆದಿದ್ದೀವಿ. ಕೆರೆ ತೆಗೆದುಬಿಡ್ತೀವಿ. ಲಾರಿ ಬಿಡೋಕೆ ಹೇಳು ನಿಮ್ಮವರಿಗೆ."

ಹೊರಗೆ ಗುಂಪು ಕಟ್ಟಿದ್ದ ಹೆಂಗಸರು ಹೋ ಅಂದರು. ಯಾರೋ ಆಗಲೇ ಬೋರ್ಡು ಕೀಳಲು ಓಡಿದರು.

"ನಿಲ್ಲಿ," ಅಂದೆ. "ಕೆರೆ ಅಳಿಸಿ ಏನು ಬರೀತೀರಿ ಸಾರ್?"

"ಮುಂಚೆ ಇದ್ದಿದ್ದೇ."

"ಮುಂಚೆ ಏನಿತ್ತು?"

ಅವರು ಕರವಸ್ತ್ರ ಮಡಿಸಿದರು. "ಖಾಲಿ ಜಾಗ."

ಆ ಕಚೇರಿಯಲ್ಲಿ ಕೂತಿದ್ದ ಕಾಲದಲ್ಲಿ ಊರಿನ ಖಾಲಿ ಜಾಗಗಳು ಏನಾಗುತ್ತವೆ ಅಂತ ನೋಡಿದ್ದೆ. ಇವತ್ತು ಖಾಲಿ ಅಂತ ಇದ್ದದ್ದು ನಾಳೆ ಮಳಿಗೆ ಅಂತ ಆಗುತ್ತದೆ. ನಡುವೆ ಇದ್ದವರ ಗುರುತು ಯಾವ ಪದರದಲ್ಲೂ ಇರುವುದಿಲ್ಲ.

"ಅವ್ವ," ಅಂದೆ, "ಇವರ ನಕ್ಷೇಲಿ ಇಲ್ಲಿ ಯಾರೂ ಇಲ್ಲ. ಕೆರೆ ತೆಗೆದ್ರೆ ಬಯಲು."

ಅವ್ವ ಸಾಹೇಬರನ್ನೇ ನೋಡಿದಳು. ಅವಳ ಡಬ್ಬದ ಮೇಲೆ ಕೂತು, ಅವಳ ಗೋಡೆಗೆ ಒರಗಿ, ಅವಳಿಲ್ಲ ಅನ್ನುತ್ತಿದ್ದ ಮನುಷ್ಯನನ್ನು.

"ಹಾಗಾದ್ರೆ ನಾವು ಕೆರೆನೇ," ಅಂದಳು.

"ಅಲ್ಲಮ್ಮ..."

"ಕೆರೆನೇ. ಆಳವಿದೆ. ಅಪಾಯ. ಎದ್ದೇಳಿ ಸ್ವಾಮಿ, ಮುಳುಗೀರಿ."

ಹೊರಗಿನಿಂದ ಹೆಂಗಸರು ಶುರು ಮಾಡಿದರು. "ಕೆರೆನೇ! ಕೆರೆನೇ!" ಅಜ್ಜಿ ಟಬ್ಬನ್ನೇ ಎತ್ತಿಕೊಂಡು ಬಂದು ತೋರಿಸಿದಳು. "ಮೀನೂ ಇದೆ! ನಿಮ್ಮ ಇಲಾಖೆಯವ್ರೇ ಬಿಟ್ಟಿದ್ದು!"

ಸಾಹೇಬರು ಕುಸಿದರು. "ಏನು ಮಾಡ್ಬೇಕು ಹೇಳಿ."

"ಮನೆ ಅಂತ ಬರೀಬೇಕು," ಅಂದೆ. "ಒಂದೊಂದೇ ಮನೆ. ನಮ್ಮ ಕಣ್ಣ ಮುಂದೆ. ಅದರ ಕೆಳಗೆ ನಿಮ್ಮ ರುಜು. ಆಮೇಲೆ ಲಾರಿ."

ಕೇರಿಯ ಹೆಂಗಸರೆಲ್ಲ ನಕ್ಷೆ ವಿಭಾಗಕ್ಕೆ ಬಂದದ್ದು ಹೀಗೆ. ಮೆಟ್ಟಿಲ ಹತ್ತಿರ ಚಪ್ಪಲಿ ಬಿಡಲು ಹೋದವರಿಗೆ ಅವ್ವ, "ಹಾಕ್ಕೊಂಡೇ ಬನ್ನಿ," ಅಂದಳು. ಸಭೆ ನಡೆಸುವ ದೊಡ್ಡ ಕೋಣೆಯಲ್ಲಿ ಎಲ್ಲರಿಗೂ ಕುರ್ಚಿ ಬೇಕಾಯಿತು. ತಂದು ಹಾಕಿದವನು ಅತ್ತರು. ನಾನು ಕಂಪ್ಯೂಟರಿನ ಮುಂದೆ ಕೂತೆ. ಗೋಡೆಯ ಮೇಲೆ ಚಿತ್ರ ಬಿತ್ತು.

ಮೊದಲಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಮೇಲಿನಿಂದ ತನ್ನ ಮನೆಯನ್ನು ಯಾರು ನೋಡಿರುತ್ತಾರೆ? ನಾನು ಹತ್ತಿರ ಹತ್ತಿರ ಹೋದೆ. ಗುಡ್ಡ, ರಸ್ತೆ, ನಲ್ಲಿ. ಅಲ್ಲಿಂದ ಎಡಕ್ಕೆ. ಆಗ ಒಬ್ಬಳು, "ಅಯ್ಯೋ, ನಮ್ಮ ಟಯರು!" ಅಂತ ಎದ್ದಳು. ಟಾರ್ಪಾಲು ಹಾರದಿರಲಿ ಅಂತ ಹೇರಿದ್ದ ಟಯರು. ಆಮೇಲೆ ತಡೆಯುವವರಿಲ್ಲ. ನಮ್ಮ ಮಂಚ, ನಮ್ಮ ಡ್ರಮ್ಮು, ನಿಮ್ಮ ಮುರಿದ ಬಾಗಿಲು. "ನೋಡೇ, ನಿನ್ನ ಬಚ್ಚಲು ನಮ್ಮ ಕಡೆ ಒಂದು ಮೊಳ ಬಂದಿದೆ, ಆಕಾಶದಿಂದಾನೇ ಕಾಣ್ತಿದೆ!" ಅಂತ ಇಬ್ಬರು ವಾರಗಿತ್ತಿಯರು ಅಲ್ಲೇ ಜಡೆ ಹಿಡಿಯಲು ಹೋದರು. ಸಾಹೇಬರು ನಡುವೆ ನಿಂತು ಬಿಡಿಸಬೇಕಾಯಿತು.

ಒಂದೊಂದೇ ಮನೆಗೆ ಗೆರೆ ಎಳೆದೆ. ಬೆಳಗಿನಿಂದ ಕ್ಲಿಕ್ ಮಾಡಿ ಮಣಿಕಟ್ಟು ಊದಿತು. ಗೆರೆಗಳೆಲ್ಲ ಮುಗಿದ ಮೇಲೆ ಪ್ರತಿ ಮನೆಗೂ ಒಂದು ವಿವರ ತುಂಬಬೇಕು. ಸಾಫ್ಟ್‌ವೇರು ಕೇಳುತ್ತದೆ: ತಾತ್ಕಾಲಿಕವೋ, ಶಾಶ್ವತವೋ.

"ತಾತ್ಕಾಲಿಕ ಒತ್ತು," ಅಂದರು ಸಾಹೇಬರು ಮೆಲ್ಲಗೆ.

"ಹಂಗಂದ್ರೆ?" ಗಾಜಿನಜ್ಜಿ ಕಿವಿ ನಿಮಿರಿಸಿದಳು. ಮೊದಲಿಗೆ ಗೋಡೆಯ ಮೇಲೆ ಬಂದದ್ದು ಅವಳ ಮನೆ.

"ಸ್ವಲ್ಪ ಕಾಲಕ್ಕೆ ಇರೋದು ಅಂತ ಅಜ್ಜಿ."

"ಈ ಕಚೇರಿಗೆ ಏನು ಒತ್ತಿದ್ದೀರಿ?"

ನಾನು ಕಚೇರಿಯ ಮೇಲೆ ಕ್ಲಿಕ್ ಮಾಡಿ ಓದಿದೆ. ಶಾಶ್ವತ.

ಅಜ್ಜಿ ಎದ್ದು ನಿಂತಳು. "ಇಲ್ಲಿ ಕೆರೆ ಇತ್ತಪ್ಪ. ನೀವು ನಿಂತಿದ್ದೀರಲ್ಲ, ಇದೇ ಜಾಗದಲ್ಲಿ. ತಾವರೆ ಇತ್ತು. ನಾನು ಈಜಿದ್ದೀನಿ. ಅದಕ್ಕೆ ಮಣ್ಣು ಹೊತ್ತು ಹಾಕಿದ್ದು ನಮ್ಮಪ್ಪ, ನಮ್ಮಮ್ಮ. ಸಣ್ಣ ಬುಟ್ಟೀಲಿ ನಾನು. ಮಣ್ಣು ಹಾಕಿ ಮುಗಿದ ದಿನ ನಿಮ್ಮವರು ನಮ್ಮನ್ನ ಇಲ್ಲಿಂದ ಎಬ್ಬಿಸಿ ಗುಡ್ಡದ ಹತ್ರ ಕಳಿಸಿದ್ರು. ನಾನು ಆ ಮನೆಗೆ ಹೋದ ಮೇಲೆ ನೀವು ಈ ಕಚೇರಿಗೆ ಪಾಯ ತೋಡಿದ್ದು. ಈಗ ನಾನು ಸ್ವಲ್ಪ ಕಾಲದವಳು, ನೀವು ಶಾಶ್ವತ?"

ಅತ್ತರು ತನ್ನ ಕಾಲ ಕೆಳಗಿನ ನೆಲ ನೋಡಿದ.

"ಶಾಶ್ವತ ಅನ್ನೋಕೆ ಮೇಲಿನವರ ಅಪ್ಪಣೆ ಬೇಕಾಗುತ್ತೆ," ಅಂದರು ಸಾಹೇಬರು. "ಅದನ್ನ ಮಾತ್ರ ಒತ್ತಬೇಡ."

ಆಮೇಲೆ ಆದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ರುಜು ಅವತ್ತು ಸಂಜೆಗೆ ಬಿತ್ತು, ಕಿಟಕಿಯಿಂದ ಬರುತ್ತಿದ್ದ ನಾತದ ದೆಸೆಯಿಂದ. ಮರುದಿನ ಲಾರಿಗಳು ಬಂದವು, ಅವ್ವ ಕೈಗೆ ಬಟ್ಟೆ ಸುತ್ತಿಕೊಂಡು ಗುಡ್ಡ ಹತ್ತಿದಳು. ನಲ್ಲಿಯಲ್ಲಿ ನೀರು ಇನ್ನೂ ಬಂದಿಲ್ಲ. ನನಗೆ ಆ ಕೆಲಸ ಮತ್ತೆ ಸಿಗಲಿಲ್ಲ. ಇನ್ನೊಂದು ಬಡಾವಣೆಯವರು ತಮ್ಮ ಬೀದಿಯ ನಕ್ಷೆ ಮಾಡಿಕೊಡು ಅಂತ ಬಂದರು, ಈಗ ಅದನ್ನು ಮಾಡುತ್ತಿದ್ದೇನೆ. ನಮ್ಮ ಗೆರೆಗಳನ್ನು ಅಳಿಸಲು ಅವರು ಮತ್ತೆ ಪ್ರಯತ್ನಿಸದೆ ಇರುವುದಿಲ್ಲ. ಗೊತ್ತಿದೆ.

ಆದರೆ ಆ ಮಧ್ಯಾಹ್ನ ಕೋಣೆಯಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಊದಿದ ಕೈ. ಮೌಸಿನ ಬಾಣ ತಾತ್ಕಾಲಿಕದ ಮೇಲೆ ನಿಂತಿತ್ತು. ಅದನ್ನು ಕೆಳಗಿಳಿಸಿ ಶಾಶ್ವತ ಒತ್ತಿದೆ. ಟಕ್ ಅಂದಿತು. ಅಜ್ಜಿ ಕೂತಳು.

ಸಾಹೇಬರು ಬಾಯಿ ತೆರೆದರು. ನಾನು ಅವರ ಕಡೆ ತಿರುಗಲಿಲ್ಲ.

"ಮುಂದಿನ ಮನೆ ಯಾರದು?" ಅಂತ ಕೇಳಿದೆ.